ಕೋವಿಗೆ ಹೂವು
ಕೃಷ್ಣಮೂರ್ತಿಪುರಂನ ನಮ್ಮ ಮನೆಯಲ್ಲಿ ಆಯುಧಪೂಜೆ ಎಂದರೆ ಈಳಿಗೆಮಣೆ, ಕತ್ತರಿ, ಹೊಲಿಗೆ ಯಂತ್ರಕ್ಕೆ ಕುಂಕುಮ. ಪಕ್ಕದ ಮನೆಯ ಕೊಡಗಿನಾಕೆಗೆ ಇದನ್ನು ಕಂಡರೆ ನಗು. ಅವರ ಊರಲ್ಲಿ ಸೆಪ್ಟೆಂಬರಿನ ಕೈಲ್ ಮುಹೂರ್ತದಲ್ಲೇ ಕೋವಿಗೆ ಹೂ ಮುಡಿಸಿ ಪೂಜೆ ಮುಗಿದಿರುತ್ತದೆ. ಕೊಡವರಿಗೆ ಕೋವಿಯ ಲೈಸೆನ್ಸ್ ಬೇಡ. 2019ರಲ್ಲಿ ಕೇಂದ್ರ ಸರ್ಕಾರ ಆ ವಿನಾಯಿತಿಯನ್ನು 2029ರವರೆಗೆ ಮುಂದುವರಿಸಿದೆ.

"ಕೊಲ್ಲುವ ವಸ್ತುವಿಗೆ ಕೈಮುಗಿಯೋದು ಸರಿಯೇನ್ರೀ?" ಎಂದೆ.

"ಪೂಜೆ ಮಾಡಿದ್ದನ್ನ ಕೋಪದಲ್ಲಿ ಮುಟ್ಟೋಕೆ ಕೈ ಬರಲ್ಲ ಅಕ್ಕಾ."

ನಂಬೋಣವೆನಿಸಿತು. ಆದರೆ ಕುಂಕುಮ ಕಂಡ ಕತ್ತರಿಯನ್ನೇ ಸಿಟ್ಟಿನಲ್ಲಿ ಎಸೆದವಳು ನಾನು! ಭಕ್ತಿ ಕೈಯನ್ನು ಎಷ್ಟು ಹೊತ್ತು ಹಿಡಿದೀತು?

ಇನ್ನೊಂದೂ ಕೇಳಿಬಿಟ್ಟೆ: "ಗಂಡು ಹುಟ್ಟಿದರೆ ಗುಂಡು ಹಾರಿಸುತ್ತಾರಂತಲ್ಲ, ನೀವು ಹುಟ್ಟಿದಾಗ?"

ಹೂ ಕಟ್ಟುತ್ತಿದ್ದ ಆಕೆಯ ಕೈ ನಿಂತಿತು. "ಇಲ್ಲ. ಆಮೇಲೆ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿ ಹೊಡೆಯೋ ಪಂದ್ಯಕ್ಕೆ ನಿಂತೆ. ನನ್ನ ಗುಂಡು ನಾನೇ ಹೊಡಕೊಂಡೆ."