ಭರವಸೆ ಸುಳ್ಳಾಗುವ ಹೊತ್ತು

ಇನ್ನೂ ತಯಾರಾಗದ ವಸ್ತುವಿನ ಬಗ್ಗೆ ಭರವಸೆ ಕೊಡದೆ ಯಾವ ಹೊಸ ಉದ್ಯಮವೂ ಬಂಡವಾಳ ಎತ್ತಲಾರದು. ಆ ಭರವಸೆ ಸುಳ್ಳಾಗುವುದು ಯಾವಾಗ? ನಾಲ್ಕನೆಯ ಶತಮಾನದ ಕೊನೆಯಲ್ಲಿ ಕ್ರೈಸ್ತ ಚಿಂತಕ ಅಗಸ್ಟೀನ್ ಇದಕ್ಕೊಂದು ಅಳತೆಗೋಲು ಕೊಟ್ಟ: ನಿಜವೆಂದು ನಂಬಿ ತಪ್ಪು ಹೇಳಿದವನು ಸುಳ್ಳುಗಾರನಲ್ಲ, ಮನಸ್ಸಿನಲ್ಲಿ ಒಂದಿಟ್ಟುಕೊಂಡು, ಮೋಸಗೊಳಿಸಲೆಂದೇ ಇನ್ನೊಂದನ್ನು ಆಡಿದವನು ಸುಳ್ಳುಗಾರ.

ಎಲಿಜಬೆತ್ ಹೋಮ್ಸ್ 2003ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ ಥೆರನೋಸ್ ಕಂಪನಿ ಈ ಪ್ರಶ್ನೆಯನ್ನು ತೀವ್ರವಾಗಿ ಎತ್ತಿತು. ಬೆರಳ ತುದಿಯ ಕೆಲವೇ ಹನಿ ರಕ್ತದಿಂದ ನೂರಾರು ಪರೀಕ್ಷೆ ಮಾಡಬಹುದೆಂಬ ಮಾತಿನ ಮೇಲೆ ಅದರ ಮೌಲ್ಯ ಸುಮಾರು 900 ಕೋಟಿ ಡಾಲರ್‌ಗೆ ಏರಿತು. ಅದರ ಸ್ವಂತ ಯಂತ್ರ ಮಾಡುತ್ತಿದ್ದದ್ದು ಕೆಲವೇ ಪರೀಕ್ಷೆ. ಹೆಚ್ಚಿನವು ಬೇರೆ ಕಂಪನಿಗಳ ಯಂತ್ರಗಳಲ್ಲಿ ನಡೆಯುತ್ತಿದ್ದವು. 2015ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಇದನ್ನು ಬಯಲಿಗೆಳೆಯಿತು.

ಮುಂದೆ ನಡೆದ ವಂಚನೆ ಮೊಕದ್ದಮೆಯಲ್ಲಿ, ತಂತ್ರಜ್ಞಾನದಲ್ಲಿ ತಮಗೆ ನಿಜವಾದ ನಂಬಿಕೆಯಿತ್ತೆಂದು ಹೋಮ್ಸ್ ನ್ಯಾಯಾಲಯದಲ್ಲಿ ವಾದಿಸಿದರು. ಇದ್ದಿರಬಹುದು. ಆದರೆ ಥೆರನೋಸ್ ಸಿದ್ಧಪಡಿಸಿದ ವರದಿಯ ಮೇಲೆ ಫೈಜರ್ ಔಷಧ ಕಂಪನಿಯ ಲಾಂಛನವನ್ನು ತಾವೇ ಸೇರಿಸಿದ್ದಾಗಿಯೂ ಒಪ್ಪಿಕೊಂಡರು. ಯಂತ್ರ ನಾಳೆ ಗೆಲ್ಲುತ್ತದೆಂದು ಪ್ರಾಮಾಣಿಕವಾಗಿ ನಂಬಬಹುದು. ವರದಿ ಬರೆದವರು ಯಾರೆಂಬುದು ಮಾತ್ರ ಆಗಲೇ ಗೊತ್ತಿದ್ದ ಸಂಗತಿ. ಅಗಸ್ಟೀನನ ಗೆರೆಯನ್ನು ದಾಟಿದ್ದು ಇಲ್ಲಿ.

2022ರ ಜನವರಿಯಲ್ಲಿ ಹೂಡಿಕೆದಾರರನ್ನು ವಂಚಿಸಿದ ಆರೋಪಗಳಲ್ಲಿ ಅವರು ದೋಷಿಯೆಂದು ತೀರ್ಮಾನವಾಯಿತು, ರೋಗಿಗಳ ವಿಷಯದ ಆರೋಪಗಳಲ್ಲಿ ಅಲ್ಲ. ಗರ್ಭಪಾತವಾಗುತ್ತಿದೆ ಎಂಬಂತೆ ತೋರಿಸಿದ ತಪ್ಪು ಫಲಿತಾಂಶ ಪಡೆದ ಮಹಿಳೆಯೊಬ್ಬರು ಸಾಕ್ಷಿ ಹೇಳಿದ್ದರು. ನೀತಿಯ ಲೆಕ್ಕದಲ್ಲಿ ಅವರಿಗಾದ ಅನ್ಯಾಯವೇ ಹೂಡಿಕೆದಾರರ ನಷ್ಟಕ್ಕಿಂತ ದೊಡ್ಡದು. ಅದೇ ವರ್ಷ ನವೆಂಬರ್‌ನಲ್ಲಿ ಹೋಮ್ಸ್‌ಗೆ 11 ವರ್ಷಕ್ಕೂ ಹೆಚ್ಚಿನ ಸೆರೆವಾಸ ವಿಧಿಸಲಾಯಿತು.