ದರೋಗ ಎಂಬ ಅಡ್ಡಹೆಸರು

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಹುಟ್ಟಿ ಬೆಳೆದ ನಾನು ಮೂವತ್ತು ಚಿಲ್ಲರೆ ವರ್ಷ ಮಕ್ಕಳಿಗೆ ಕನ್ನಡ ಕಲಿಸಿ ನಿವೃತ್ತನಾದವನು. ಆ ಅವಧಿಯಲ್ಲಿ ಎಷ್ಟು ಮಕ್ಕಳ ಹೆಸರುಗಳನ್ನು ದಾಖಲಾತಿ ಪುಸ್ತಕಕ್ಕೆ ಏರಿಸಿದೆನೋ ಲೆಕ್ಕವಿಟ್ಟಿಲ್ಲ. ಬಹುಪಾಲು ಮರೆತುಹೋಗಿವೆ. ಒಂದು ಹೆಸರು ಮಾತ್ರ ಮರೆಯಲಾಗದಂತೆ ನನ್ನ ಜೊತೆಗೇ ಉಳಿದುಬಿಟ್ಟಿದೆ. ಅದನ್ನು ನಾನು ತಪ್ಪಾಗಿ ಬರೆದೆ ಎಂಬುದೇ ಅದಕ್ಕೆ ಕಾರಣ.

1976ರ ಜೂನ್ ತಿಂಗಳು. ಜಟಕಾ ಹೊಡೆಯುವವರೊಬ್ಬರು ಆರು ವರ್ಷದ ಮಗನ ಕೈಹಿಡಿದು ಶಾಲೆಗೆ ಬಂದಿದ್ದರು. ಹುಡುಗನ ಹೆಸರು ಬರೆದುಕೊಂಡು ಅಡ್ಡಹೆಸರು ಕೇಳಿದೆ.

"ದರೋಗ ಅಂತ ಬರೀರಿ ಸಾರ್."

"ದರ್ಗಾನಾ?"

"ಅಲ್ರೀ ಸಾರ್, ದರೋಗ."

ಆ ಮನುಷ್ಯನಿಗೆ ಓದು ಬರಹ ಬರುತ್ತಿರಲಿಲ್ಲ. ದರ್ಗಾ ಎಂಬ ಅಡ್ಡಹೆಸರನ್ನು ನಾನು ಕೇಳಿದ್ದೆ; ದರೋಗ ಎಂಬುದನ್ನು ಕೇಳಿರಲಿಲ್ಲ. ನಾನು ಕೇಳಿಲ್ಲದ್ದು ಇರುವುದುಂಟೆ? ಪಾಪ, ಉಚ್ಚಾರ ಸರಿಯಿಲ್ಲ ಎಂದುಕೊಂಡು, ಉಪಕಾರ ಮಾಡುವವನ ಗತ್ತಿನಲ್ಲಿ 'ದರ್ಗಾ' ಎಂದು ಬರೆದೆ. ಪಕ್ಕದಲ್ಲೇ ಇದ್ದ ಮೊಹರನ್ನು ಎತ್ತಿ ಅರ್ಜಿಯ ಮೇಲೆ ಒತ್ತಿದೆ. ಅವರು ಬೆರಳೊತ್ತಿ, ಕೈಮುಗಿದು ಹೋದರು.

ಬಳ್ಳಾರಿಯಲ್ಲಿ ಹೆಸರು ಬರೆಯುವುದು ಮೊದಲಿನಿಂದಲೂ ತಾಪತ್ರಯದ ಕೆಲಸವೇ. ತೆಲುಗಿನವರು ಇಂಟಿಪೇರು ಮೊದಲು ಹೇಳಿ ಆಮೇಲೆ ಸ್ವಂತ ಹೆಸರಿಗೆ ಬರುತ್ತಾರೆ. ಧಾರವಾಡ, ರಾಯಚೂರು ಕಡೆಯವರು ಅಡ್ಡಹೆಸರನ್ನು ಕೊನೆಗೆ ಹಚ್ಚುತ್ತಾರೆ. ಹಳೆಯ ಮೈಸೂರಿನವರಿಗೆ ಊರಿನದೊಂದು, ಅಪ್ಪನದೊಂದು ಅಕ್ಷರ ಸಾಕು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮದ್ರಾಸನ್ನು ಬಿಟ್ಟು ಮೈಸೂರನ್ನು ಸೇರಿದಾಗ ಗಡಿ ಬದಲಾಯಿತೇ ಹೊರತು ಈ ಮೂರು ಪದ್ಧತಿಗಳು ಬದಲಾಗಲಿಲ್ಲ. ನನ್ನ ತಪ್ಪಿಗೆ ಇದು ಸಮರ್ಥನೆ ಎಂದು ಹೇಳುತ್ತಿಲ್ಲ. ಆ ಮನುಷ್ಯ ಎರಡು ಸಲ ಸರಿಯಾಗಿಯೇ ಹೇಳಿದ್ದರು.

2014ರ ನವೆಂಬರ್ 1ರಂದು ನಮ್ಮ ಊರಿಗೇ ಹೆಸರು ತಿದ್ದುಪಡಿಯಾಯಿತು. ಇಂಗ್ಲಿಷರು ತಮ್ಮ ನಾಲಿಗೆಗೆ ಒಗ್ಗುವಂತೆ 'ಬೆಲ್ಲಾರಿ' ಎಂದು ಬರೆದುಕೊಂಡಿದ್ದನ್ನು ಸರ್ಕಾರ 'ಬಳ್ಳಾರಿ' ಎಂದು ಸರಿಮಾಡಿತು. ಬೆಂಗಳೂರು, ಮೈಸೂರು ಸೇರಿ ಹನ್ನೆರಡು ಊರುಗಳಿಗೆ ಅಂದು ಒಂದೇ ಆದೇಶದಲ್ಲಿ ತಮ್ಮ ಹೆಸರು ಮರಳಿ ಸಿಕ್ಕಿತು. ನಾವೆಲ್ಲ ಸಂತೋಷಪಟ್ಟೆವು. ಅದೇ ತಿಂಗಳಲ್ಲಿ ನಲವತ್ತು ದಾಟಿದ ಒಬ್ಬಾತ ನಮ್ಮ ಮನೆಯ ಬಾಗಿಲಿಗೆ ಬಂದು ನಿಂತ. ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಅಪ್ಪ ತೀರಿಕೊಂಡಿದ್ದರು. ಮನೆಯನ್ನು ಅಣ್ಣತಮ್ಮಂದಿರ ಹೆಸರಿಗೆ ಮಾಡಿಸಬೇಕು. ಮನೆಯ ಕಾಗದದಲ್ಲಿ ಅಪ್ಪ ದರೋಗ, ಬೇರೆ ಶಾಲೆಯಲ್ಲಿ ಓದಿದ ಅಣ್ಣ ದರೋಗ, ಈತನೊಬ್ಬ ದರ್ಗಾ. ನಾನು ಬರೆದದ್ದೇ ವರ್ಗಾವಣೆ ಪತ್ರಕ್ಕೆ ಹೋಗಿ, ಅಲ್ಲಿಂದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ, ಅಲ್ಲಿಂದ ರೇಷನ್ ಕಾರ್ಡಿಗೆ, ಮತದಾರರ ಪಟ್ಟಿಗೆ ಬಳ್ಳಿಯ ಹಾಗೆ ಹಬ್ಬಿತ್ತು.

"ನೀನು ಅವರ ಮಗನೇ ಹೌದು ಅನ್ನಾಕ ಏನು ಆಧಾರ ಅಂತ ಕೇಳ್ತಾರ ಸಾರ್," ಎಂದ. ಸಿಟ್ಟಿನಿಂದ ಹೇಳಲಿಲ್ಲ. ಹೇಳಿ ನೆಲ ನೋಡುತ್ತ ನಿಂತ. "ಅಪ್ಪ ಹೇಳಿದ್ದೊಂದು, ಶಾಲ್ಯಾಗ ಬರೆದಿದ್ದೊಂದು ಅಂತ ನೀವೊಂದು ಹೇಳಿಕೆ ಬರೆದುಕೊಟ್ರ ನಡೀತದ ಅಂತ ವಕೀಲರು ಅಂದಾರ."

ಸತ್ಯ ಹೇಳಬೇಕೆಂದರೆ, ನನಗೆ ಮೊದಲು ಹೊಳೆದ ಉತ್ತರ "ನೆನಪಿಲ್ಲಪ್ಪ" ಎಂಬುದೇ. ಮೂವತ್ತೆಂಟು ವರ್ಷದ ಹಿಂದಿನದು. ನೆನಪಿಲ್ಲ ಎಂದರೆ ಯಾರೂ ಅನುಮಾನಿಸುತ್ತಿರಲಿಲ್ಲ. ಪಿಂಚಣಿ ತೆಗೆದುಕೊಂಡು ತೆಪ್ಪಗಿರುವ ಮುದುಕ ತಾನೇ ತಪ್ಪು ಮಾಡಿದ್ದೇನೆಂದು ಕಾಗದದ ಮೇಲೆ ಬರೆದು ಸಹಿ ಹಾಕುವುದೇಕೆ? "ನಾಡಿದ್ದು ಬಾ, ನೋಡೋಣ" ಎಂದು ಕಳಿಸಿದೆ.

ಆ ಎರಡು ದಿನ ನಾನು ಮಾಡಿದ ಕೆಲಸವೆಂದರೆ ದರೋಗ ಎಂಬುದು ಏನು ಎಂದು ಹುಡುಕಿದ್ದು. ಮನಸ್ಸಿಗೆ ಸುಲಭವಲ್ಲದ ಕೆಲಸವಿದ್ದಾಗ ನಿಘಂಟು ತೆರೆಯುವುದು ಕನ್ನಡ ಮೇಷ್ಟ್ರುಗಳ ಹಳೆಯ ಚಾಳಿ. ಅಂದು ಆರಂಭಿಸಿದ್ದು ಅಂದಿಗೇ ಮುಗಿಯಲಿಲ್ಲ. ಆಮೇಲೂ ಓದುತ್ತ ಹೋದೆ.

ಪಾರಸಿಯಿಂದ ನಮಗೆ ಬಂದ ಈ ಮಾತು ಪಾರಸಿಯದಲ್ಲ. ಅದರ ಬೇರು ಇರುವುದು ಮಂಗೋಲರ ಭಾಷೆಯಲ್ಲಿ. ಯುರೋಪಿನವರು ಒಟ್ಟಾಗಿ ತಾತಾರರು ಎಂದು ಕರೆದ ಜನರ ಸಾಮ್ರಾಜ್ಯದಲ್ಲಿ, ಹದಿಮೂರನೆಯ ಶತಮಾನದಲ್ಲಿ, ಗೆದ್ದ ಊರಿನ ಮೇಲೆ ಕೂರಿಸುತ್ತಿದ್ದ ಅಧಿಕಾರಿಗೆ 'ದರುಗ' ಅಥವಾ 'ದರುಗಚಿ' ಎನ್ನುತ್ತಿದ್ದರು. ಜನಗಣತಿ ಮಾಡಿಸುವುದು, ಕಂದಾಯ ಎತ್ತುವುದು, ಅಂಚೆಯ ಕುದುರೆಗಳಿಗೆ ವ್ಯವಸ್ಥೆ ಮಾಡುವುದು ಆತನ ಕೆಲಸ. ಕಜಾನಿನ, ಕ್ರಿಮಿಯಾದ ತಾತಾರ ಖಾನರ ರಾಜ್ಯಗಳಲ್ಲೂ ಈ ಮಾತು ಉಳಿಯಿತು. ತುರ್ಕಿ ಭಾಷೆಗಳಲ್ಲಿ ಇದೇ ಅಧಿಕಾರಿಗೆ 'ಬಸ್ಕಾಕ್' ಎಂಬ ಹೆಸರಿತ್ತು. ರಷ್ಯಾದ 'ಬಸ್ಕಾಕೊವ್' ಎಂಬ ಮನೆತನದ ಹೆಸರು ಅದರಿಂದಲೇ ಬಂದದ್ದು. ಅಂದರೆ ಅಲ್ಲಿಯೂ ಹುದ್ದೆಯೇ ಅಡ್ಡಹೆಸರಾಯಿತು. ಇರಾನಿನಲ್ಲಿ ದರೋಗ ಎಂದರೆ ನಗರಾಧಿಕಾರಿ. ಮೊಗಲರ ಕಾಲಕ್ಕೆ ಹಿಂದುಸ್ತಾನದಲ್ಲಿ ಯಾವುದೇ ಇಲಾಖೆಯ ಮೇಲ್ವಿಚಾರಕ ದರೋಗನೇ: ಕುದುರೆ ಲಾಯಕ್ಕೊಬ್ಬ, ತೋಪಖಾನೆಗೊಬ್ಬ, ಟಂಕಸಾಲೆಗೊಬ್ಬ. 1792-93ರಲ್ಲಿ ಕಾರ್ನ್‌ವಾಲೀಸನು ಬಂಗಾಳದಲ್ಲಿ ಠಾಣೆಗೊಬ್ಬ ದರೋಗನನ್ನು ನೇಮಿಸಿದ. ಬಿಹಾರ, ಉತ್ತರ ಪ್ರದೇಶಗಳಲ್ಲಿ ಪೊಲೀಸ್ ಸಬ್ ಇನ್ಸ್‌ಪೆಕ್ಟರನ್ನು ಜನ ಈಗಲೂ ದರೋಗ ಎಂದೇ ಕರೆಯುತ್ತಾರೆ.

ಹಾಗಾದರೆ ನಮ್ಮಲ್ಲಿ ಈ ಅಡ್ಡಹೆಸರು ಇಷ್ಟು ಅಪರೂಪವೇಕೆ? ಕುಲಕರ್ಣಿ, ಪಾಟೀಲ, ದೇಸಾಯಿ ಎಂಬವೂ ಹುದ್ದೆಗಳೇ. ಆದರೆ ಅವು ವಂಶಪಾರಂಪರ್ಯ. ಕುಲಕರ್ಣಿ, ಪಾಟೀಲರಂತೂ ಊರೂರಿಗೂ ಇರಬೇಕು. ಆದ್ದರಿಂದ ಉತ್ತರ ಕರ್ನಾಟಕದಲ್ಲಿ ಎಲ್ಲಿ ಕಲ್ಲೆಸೆದರೂ ಒಬ್ಬ ಪಾಟೀಲರು ಸಿಗುತ್ತಾರೆ. ದರೋಗನಾದರೋ ಅರಮನೆಯ, ಕೋಟೆಯ, ಪಟ್ಟಣದ ಮನುಷ್ಯ. ಒಂದು ಲಾಯಕ್ಕೆ ಒಬ್ಬನೇ ಮೇಲ್ವಿಚಾರಕ, ಅವನ ಮಗನಿಗೂ ಅದೇ ಕೆಲಸ ಸಿಗಬೇಕೆಂದಿಲ್ಲ. ಇನ್ನು ಪೊಲೀಸ್ ದರೋಗರ ಪದ್ಧತಿ ನಮ್ಮ ಮದ್ರಾಸ್ ಪ್ರಾಂತ್ಯಕ್ಕೆ 1802ರಲ್ಲಿ ಬಂದು 1816ರಲ್ಲೇ ಹೋಯಿತು. ಪೊಲೀಸ್ ಕೆಲಸ ತಹಶೀಲ್ದಾರರ, ಗ್ರಾಮದ ಮುಖ್ಯಸ್ಥರ ಕೈಗೆ ಮರಳಿತು. ಆ ಬದಲಾವಣೆಯ ಹಿಂದೆ ಇದ್ದವನು 1800ರಿಂದ 1807ರವರೆಗೆ ನಮ್ಮ ದತ್ತಮಂಡಲದ ಮುಖ್ಯ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ. ಒಂದು ಹೆಸರು ಬೇರೂರಲು ಹದಿನಾಲ್ಕು ವರ್ಷ ಸಾಲದು. ಹೀಗೆ ಲಾಯದಿಂದಲೋ ಕೋಟೆಯಿಂದಲೋ ಉಳಿದ ಒಂದೊಂದು ಮನೆತನ ಅಲ್ಲಲ್ಲಿ ಇದೆ, ಅಷ್ಟೆ. ನಾನು ಕೇಳಿರಲಿಲ್ಲ ಎಂಬುದು ಆಶ್ಚರ್ಯವಲ್ಲ. ಕೇಳಿರದ್ದನ್ನು ಇಲ್ಲವೆಂದುಕೊಂಡೆನಲ್ಲ, ತಪ್ಪಿರುವುದು ಅಲ್ಲಿ.

ಹೀಗೆ ತಿಳಿದದ್ದನ್ನೆಲ್ಲ ಒಂದು ಬೆಳಿಗ್ಗೆ ಜೊತೆಯಲ್ಲಿ ವಾಕಿಂಗಿಗೆ ಬರುವ ಸ್ನೇಹಿತರ ಮುಂದೆ ಉತ್ಸಾಹದಿಂದ ಹೇಳಿದೆ. ಅವರು ಒಳ್ಳೆಯವರೇ. ಕಷ್ಟಕ್ಕೆ ಒದಗುವವರು. ಎಲ್ಲ ಕೇಳಿ ಅವರು ಅಂದದ್ದು ಇಷ್ಟು: "ನೋಡಿದ್ರಾ ಮೇಷ್ಟ್ರೆ, ಹೊರಗಿನವರು ಅಂತ ನೀವೇ ಕಂಡುಹಿಡಿದ್ರಲ್ಲ!"

ನನಗೆ ಎದೆಯಲ್ಲಿ ಏನೋ ಕುಸಿದಂತಾಯಿತು. ಬುದ್ಧಿಯ ಹಸಿವಿಗೆಂದು ನಾನು ಹುಡುಕಿದ ಒಂದು ಶಬ್ದದ ಮೂಲ, ಅವರ ಕೈಗೆ ಹೋದ ಕೂಡಲೇ ಒಬ್ಬ ಮನುಷ್ಯನ ಮೇಲಿನ ಆರೋಪಪಟ್ಟಿಯಾಗಿತ್ತು. ಜಟಕಾ ಹೊಡೆದು ಇದೇ ಊರಿನ ಧೂಳು ಕುಡಿದು ಇದೇ ಮಣ್ಣಿಗೆ ಹೋದ ಒಬ್ಬ ತಂದೆಯನ್ನು ಒಂದೇ ಮಾತಿನಲ್ಲಿ ಮಂಗೋಲಿಯಾಕ್ಕೆ ಅಟ್ಟಿಬಿಟ್ಟರು.

"ನೀವು ನಿವೃತ್ತರಾದಾಗ ಏನಾಗಿದ್ರಿ?" ಎಂದು ಕೇಳಿದೆ.

"ಯಾಕೆ, ಸರ್ಕಾರಿ ನೌಕರ."

'ನೌಕರ' ಎಂಬುದೂ ಅದೇ ಮಂಗೋಲರ ಮಾತು. 'ನೋಕರ್' ಎಂದರೆ ಅವರಲ್ಲಿ ಒಡನಾಡಿ. ನಾಯಕನನ್ನು ನಂಬಿ ಜೊತೆಗೆ ನಿಂತ ಗೆಳೆಯ. ಪಾರಸಿಯ ದಾರಿಯಲ್ಲಿ ನಡೆದು ಬರುವಷ್ಟರಲ್ಲಿ ಗೆಳೆಯ ಆಳಾದ. ಮೈಸೂರಿನ ಒಡೆಯರ ಹೆಸರಿನ ಕೊನೆಗೆ ನಿಲ್ಲುತ್ತಿದ್ದ 'ಬಹದ್ದೂರ್' ಕೂಡ ಅಲ್ಲಿಯದೇ. ಉಲಾನ್‌ಬಾತರ್ ಎಂಬ ಮಂಗೋಲಿಯಾದ ರಾಜಧಾನಿಯ ಹೆಸರಿನಲ್ಲಿರುವ 'ಬಾತರ್' ಅದರದೇ ರೂಪ. ಕೊಪ್ಪಳದ ಹತ್ತಿರ ಬಹದ್ದೂರಬಂಡಿ ಎಂಬ ಊರೇ ಇದೆ. ನಾವು ನಿಂತಿದ್ದ ಬ್ರೂಸ್‌ಪೇಟೆಯ ಹೆಸರು ಕಂಪನಿ ಕಾಲದ ಒಬ್ಬ ಅಧಿಕಾರಿಯದು. ಆ ಬ್ರೂಸ್ ಎಂಬ ಹೆಸರಾದರೂ ಸ್ಕಾಟ್‌ಲೆಂಡಿನದೇ ಎಂದರೆ ಅಲ್ಲ. ಫ್ರಾನ್ಸಿನ ನಾರ್ಮಂಡಿಯ ಬ್ರಿ ಎಂಬ ಊರಿನಿಂದ ಅಲ್ಲಿಗೆ ಹೋದದ್ದು ಎನ್ನುತ್ತಾರೆ. ಬ್ರೂಸ್‌ಪೇಟೆ ಎಂದು ವಿಳಾಸ ಬರೆಯುವ ನನ್ನನ್ನು ಈ ಎಪ್ಪತ್ತು ವರ್ಷಗಳಲ್ಲಿ ಒಬ್ಬರೂ "ನೀವು ಎಲ್ಲಿಯವರು?" ಎಂದು ಅನುಮಾನದಿಂದ ಕೇಳಿಲ್ಲ. ಅವನನ್ನು ಕೇಳುತ್ತಾರೆ.

ಇದನ್ನೆಲ್ಲ ಸ್ನೇಹಿತರಿಗೆ ಹೇಳಿದೆ. ಅವರು ನಕ್ಕು, "ಮೇಷ್ಟ್ರ ಹತ್ರ ವಾದ ಬೇಡಪ್ಪ" ಎಂದರು. ಒಪ್ಪಿದರೋ ಇಲ್ಲವೋ ಗೊತ್ತಿಲ್ಲ. ಮರುದಿನವೂ ಜೊತೆಗೇ ನಡೆದೆವು.

ಅವರನ್ನು ತಪ್ಪು ಎಂದು ತೋರಿಸುವುದು ಸುಲಭ. ಆದರೆ ನಾನು ಮಾಡಿದ್ದು ಅವರ ಮಾತಿಗಿಂತ ಹೇಗೆ ಬೇರೆ? ಒಂದು ಶಬ್ದ ಬಂದ ದಾರಿ ಒಬ್ಬ ಮನುಷ್ಯನ ರಕ್ತದ ದಾರಿಯಲ್ಲ. ಒಂದು ಹುದ್ದೆಯ ಹೆಸರು ಯಾರ ಹೆಗಲ ಮೇಲೂ ಬಂದು ಕೂರಬಹುದು. ಇದನ್ನು ಅವರು ಮರೆತರು. ಹೆಸರು ಯಾರದೋ ಅವರ ಬಾಯಿಂದ ಕೇಳಿದಂತೆ ಬರೆಯಬೇಕು. ಅದರ ವಿಷಯದಲ್ಲಿ ಅವರೇ ವಿದ್ವಾಂಸರು, ನಾನಲ್ಲ. ಇದನ್ನು ನಾನು ಮರೆತೆ. ಅವರ ಮಾತಿನಿಂದ ಯಾರ ಮನೆಯ ಕಾಗದವೂ ಕೆಡಲಿಲ್ಲ. ನನ್ನ ಬರಹದಿಂದ ಒಬ್ಬ ಮಗ ತಾನು ತಂದೆಯ ಮಗನೆಂದು ಆಧಾರ ಹುಡುಕುವಂತಾಯಿತು. ದ್ವೇಷದಿಂದ ಆಗುವ ಕೇಡು ಕಣ್ಣಿಗೆ ಕಾಣುತ್ತದೆ. ಉದಾಸೀನದಿಂದ ಆಗುವ ಕೇಡಿಗೆ ಒಳ್ಳೆಯವನೊಬ್ಬನ ದುಂಡಗಿನ ಅಕ್ಷರ ಇರುತ್ತದೆ.

'ದರುಗ' ಎಂಬುದರ ಧಾತುವನ್ನು ಹೇಳುವುದು ಉಳಿಯಿತು. ಮಂಗೋಲರ ಭಾಷೆಯಲ್ಲಿ 'ದರು' ಎಂದರೆ ಒತ್ತುವುದು. ಮುದ್ರೆ ಒತ್ತುವವನು ದರುಗ. ಅದನ್ನು ಓದಿದ ರಾತ್ರಿ ನನಗೆ 1976ರ ಆ ಮೇಜು, ಆ ಮೊಹರು, ಕೈಮುಗಿದು ನಿಂತ ಆ ಮನುಷ್ಯ ಕಣ್ಣಮುಂದೆ ಬಂದರು. ಹೆಸರು ಅವರದಾಗಿತ್ತು, ಕೆಲಸ ಮಾಡಿದವನು ನಾನಾಗಿದ್ದೆ.

ಹೇಳಿದ ದಿನಕ್ಕೆ ಅವನು ಬಂದ. ನಾನು ಹೇಳಿಕೆ ಬರೆದಿಟ್ಟಿದ್ದೆ: ತಂದೆ ಸರಿಯಾಗಿಯೇ ಹೇಳಿದ್ದರು, ಎರಡು ಸಲ ಹೇಳಿದ್ದರು, ತಪ್ಪಾಗಿ ಬರೆದವನು ನಾನು. ಓದಿಕೊಂಡು ಅವನು, "ಎರಡು ಸಲ ಅನ್ನೋದು ಯಾಕ್ರೀ ಸಾರ್" ಎಂದ. ಇರಲಿ ಎಂದೆ. ಅಷ್ಟಕ್ಕೇ ಎಲ್ಲ ಮುಗಿಯಲಿಲ್ಲ. ನೋಟರಿ, ವಕೀಲರು, ಮತ್ತೆ ಮತ್ತೆ ಅಲೆದಾಟ ಎಂದು ಕೆಲಸ ಆಗುವಷ್ಟರಲ್ಲಿ ಒಂದೂವರೆ ವರ್ಷ ಹಿಡಿಯಿತು. ಒಂದೇ ಆದೇಶದಲ್ಲಿ ಹನ್ನೆರಡು ಊರುಗಳ ಹೆಸರು ತಿದ್ದಬಹುದು. ಒಬ್ಬ ಬಡವನ ಹೆಸರು ತಿದ್ದುವುದು ಅಷ್ಟು ಸುಲಭವಲ್ಲ.

ಈ ನಡುವೆ ಒಮ್ಮೆ ಅವನಿಗೆ ದರೋಗ ಶಬ್ದದ ಕಥೆ ಹೇಳಿದೆ, ತಾತಾರರಿಂದ ಹಿಡಿದು ಮನ್ರೋವರೆಗೆ. ಕುತೂಹಲದಿಂದಲೇ ಕೇಳಿದ. ಕೇಳಿ, "ಅಷ್ಟೆಲ್ಲ ನಮಗ ಗೊತ್ತಿಲ್ರೀ ಸಾರ್. ನಮ್ಮ ಮುತ್ತಜ್ಜ ಯಾವುದೋ ಲಾಯದಾಗ ಕುದುರಿ ನೋಡ್ಕೊಂತಿದ್ದ ಅಂತ ಅಪ್ಪ ಹೇಳ್ತಿದ್ದ. ಕುದುರಿ ಅಪ್ಪನತನಕ ಬಂತು," ಎಂದ. ನನ್ನ ನಿಘಂಟುಗಳೆಲ್ಲ ಸೇರಿ ಹೇಳಿದ್ದು ಇದನ್ನೇ. ಆ ಕುಟುಂಬಕ್ಕೆ ಬೇಕಾದಷ್ಟು ಚರಿತ್ರೆ ಆ ಕುಟುಂಬದಲ್ಲೇ ಇತ್ತು.

ಕೆಲವು ವರ್ಷಗಳ ನಂತರ ಅವನ ಮಗಳ ಮದುವೆ ನಿಶ್ಚಯವಾಯಿತು. ಒಂದು ಸಂಜೆ ಕರೆಯೋಲೆಗಳ ಕಟ್ಟು ಹಿಡಿದು ಬಂದ. ಅಪ್ಪನ ಹೆಸರು, ತನ್ನ ಹೆಸರು ಎರಡರ ಕೊನೆಗೂ 'ದರೋಗ' ಎಂದು ಅಚ್ಚಾಗಿದ್ದನ್ನು ಬೆರಳಿಟ್ಟು ತೋರಿಸಿದ. ಆಮೇಲೆ ಲಕೋಟೆಯ ಮೇಲೆ ನನ್ನ ಹೆಸರು ಬರೆಯಲು ಜೇಬಿನಿಂದ ಪೆನ್ನು ತೆಗೆದ. ನಲವತ್ತು ವರ್ಷಗಳಿಂದ ಆ ಹೆಸರು ಅವನಿಗೆ ಗೊತ್ತು. ಆದರೂ ಪೆನ್ನನ್ನು ಕಾಗದದ ಮೇಲೆ ಇಡದೆ ತಲೆಯೆತ್ತಿ ಕೇಳಿದ:

"ನಿಮ್ಮ ಹೆಸರು ಹೆಂಗ ಬರೀಬೇಕು ಸಾರ್? ನೀವು ಹೇಳಿದಂಗ ಬರೀತೀನಿ."