ವೃಷಭರೂಪಿಯಾದ ಧರ್ಮವೂ ಬರಗೂರಿನ ಗೋಸಂತತಿಯೂ

ಶ್ರೀಮದ್ಭಾಗವತದ ಪ್ರಥಮ ಸ್ಕಂಧದಲ್ಲಿ ಒಂದು ಪ್ರಸಂಗವುಂಟು. ದಿಗ್ವಿಜಯಕ್ಕೆ ಹೊರಟ ಪರೀಕ್ಷಿತ ಮಹಾರಾಜನು ಒಂಟಿ ಕಾಲಿನ ಮೇಲೆ ನಿಂತ ವೃಷಭವನ್ನೂ ಕಣ್ಣೀರು ಸುರಿಸುವ ಗೋವನ್ನೂ ಕಂಡನು. ರಾಜವೇಷದ ಕಲಿಯು ಅವುಗಳನ್ನು ಹಿಂಸಿಸುತ್ತಿದ್ದನು. ವೃಷಭವೇ ಧರ್ಮ, ಗೋವೇ ಭೂಮಿ. ತಪಸ್ಸು, ಶೌಚ, ದಯೆ ಎಂಬ ಪಾದಗಳು ಮುರಿದು ಸತ್ಯವೊಂದೇ ಉಳಿದಿತ್ತು. ಅರಸನು ಖಡ್ಗವನ್ನೆತ್ತಿ ಅವುಗಳಿಗೆ ಅಭಯವನ್ನಿತ್ತನು.

ಆಸ್ತಿಕ ಮಹಾಜನರೇ, ಈ ಅಭಯವು ಗುಡಿಯ ಕಲ್ಲಿನ ಬಸವನಿಗೆ ಮಾತ್ರ ಸಲ್ಲತಕ್ಕದ್ದೇ? ಈರೋಡು ಜಿಲ್ಲೆಯ ಬರಗೂರು ಬೆಟ್ಟಗಳಲ್ಲಿ ಕನ್ನಡ ನುಡಿಯುವ ಲಿಂಗವಂತರು ತಲೆತಲಾಂತರದಿಂದ ಸಾಕಿಬಂದ ದನಗಳಿವೆ. ಕಂದು ಮೈ, ಅದರ ಮೇಲೆ ಬಿಳಿಯ ಮಚ್ಚೆ. ನಡಿಗೆಯಲ್ಲಿ ಚುರುಕು, ಸ್ವಭಾವದಲ್ಲಿ ಬಿರುಸು. ಹಗಲು ಕಾಡಿನಲ್ಲಿ ಮೇದು ಇರುಳು ದೊಡ್ಡಿ ಸೇರುತ್ತವೆ. ಹಾಲು ಸ್ವಲ್ಪ, ಆದರೆ ಕಡಿದಾದ ಬೆಟ್ಟದಲ್ಲಿ ದುಡಿಯುವ ಕಸುವೂ, ಒಣ ಮೇವಿನಲ್ಲಿ ಬಾಳುವ ತಾಳ್ಮೆಯೂ ಅವುಗಳಿಗುಂಟು. ಅಂದಿಯೂರಿನ ಗುರುನಾಥಸ್ವಾಮಿಯ ಆಡಿ ಮಾಸದ ಜಾತ್ರೆಯಲ್ಲಿ ಈ ದನಗಳಿಗೆ ಹೆಸರಿದೆ.

ಟ್ರಾಕ್ಟರು ಬಂದು ಎತ್ತಿನ ಬೇಡಿಕೆ ತಗ್ಗಿತು. ಹೆಚ್ಚು ಹಾಲಿನ ಆಸೆಯಿಂದ ಸಂಕರ ತಳಿ ವ್ಯಾಪಿಸಿತು. ಕಾಡಿನ ಮೇವಿಗೆ ನಿರ್ಬಂಧಗಳು ಬಂದವು. 2024ರಲ್ಲಿ ಆ ಬೆಟ್ಟಗಳ ಅರಣ್ಯವು ವನ್ಯಜೀವಿಧಾಮವಾದ ಬಳಿಕ ದನಗಾಹಿಗಳ ಚಿಂತೆ ಇಮ್ಮಡಿಯಾಗಿದೆ. ಕಾಡನ್ನು ಕಾಯುವುದೂ ಧರ್ಮವೇ, ಹಿಂಡನ್ನು ಕಾಯುವುದೂ ಧರ್ಮವೇ. ಎರಡೂ ಉಳಿಯುವಂತೆ ಹಿರಿಯರೂ ಅಧಿಕಾರಿಗಳೂ ಕೂಡಿ ಕುಳಿತು ಮೇವಿನ ಎಲ್ಲೆಯನ್ನು ನಿಶ್ಚಯಿಸುವುದು ಯುಕ್ತ.

ಕೇರಳದ ವೆಚ್ಚೂರು ದನದ ಕಥೆ ಇಲ್ಲಿ ಪಾಠವಾಗತಕ್ಕದ್ದು. 1961ರ ಕಾಯಿದೆಯು ಪರವಾನಗಿಯಿಲ್ಲದ ಹೋರಿಗಳ ಬೀಜ ಒಡೆಯಿಸಬೇಕೆಂದು ವಿಧಿಸಿತು. ನಾಟಿ ಹೋರಿ ಇಲ್ಲವಾದೊಡನೆ ತಳಿಯೇ ನಶಿಸತೊಡಗಿತು. 1989ರಲ್ಲಿ ಮಣ್ಣುತ್ತಿಯ ಪ್ರಾಧ್ಯಾಪಿಕೆ ಸೋಸಮ್ಮ ಐಪ್ ಅವರು ಶಿಷ್ಯರೊಡನೆ ಹಳ್ಳಿ ಹಳ್ಳಿ ಹುಡುಕಿ ಅಳಿದುಳಿದವನ್ನು ಕೂಡಿಸಿ ಆ ಸಂತತಿಯನ್ನು ಉಳಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಬರಗೂರಿನಲ್ಲಿಯೂ 2015ರಿಂದ ಪಶುವೈದ್ಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೊಂದು ನಡೆಯುತ್ತಿದೆ. ಆದರೆ ಸರ್ಕಾರದ ಕೊಟ್ಟಿಗೆಯೊಂದೇ ಸಾಲದು.

ದೇವರಿಗೆ ಬಸವನನ್ನು ಬಿಡುವ ಹರಕೆ ನಮ್ಮ ಸೀಮೆಗೆ ಹೊಸತಲ್ಲ. ಹರಕೆ ಹೊತ್ತವರು ಶುದ್ಧ ನಾಟಿ ಹೋರಿಗರುವನ್ನೇ ಬಿಡಲಿ. ಒಂದೇ ರಕ್ತ ಬೆರೆಯದಂತೆ ದೊಡ್ಡಿಯಿಂದ ದೊಡ್ಡಿಗೆ ಹೋರಿಯನ್ನು ಬದಲಿಸಲಿ. ಹೊಲಕ್ಕೆ ಅಡಂಗಲ್ ಇರುವಂತೆ ಹಿಂಡಿಗೂ ಒಂದು ಪುಸ್ತಕವಿರಲಿ. ಕರುವಿನ ತಾಯಿ ತಂದೆಗಳ ಗುರುತನ್ನು ಅದರಲ್ಲಿ ಬರೆದಿಡಲಿ.

ಜೀರ್ಣವಾದ ಗುಡಿಯನ್ನು ಭಕ್ತರ ಕಾಣಿಕೆಯಿಂದ ಮರಳಿ ಕಟ್ಟಬಹುದು. ಭಗ್ನವಾದ ನಂದಿಯನ್ನು ಶಿಲ್ಪಿಯು ಮರಳಿ ಕಡೆಯಬಹುದು. ಅಳಿದ ಸಂತತಿಯನ್ನು ಮರಳಿ ಕಡೆಯುವ ಶಿಲ್ಪಿಯಿಲ್ಲ. ಜೀವಂತ ನಂದಿಯನ್ನು ಕಾಪಾಡುವ ಸದ್ಬುದ್ಧಿಯನ್ನು ಶ್ರೀ ಸ್ವಾಮಿಯು ಸರ್ವರಿಗೂ ಕರುಣಿಸಲಿ.